ಏಣಿಯವರಿಗೆ ಎರಡು ರೊಟ್ಟಿ

ಯಾರಾದರೂ ನೇರವಾಗಿ ಪ್ರಶ್ನೆ ಕೇಳಿದರೆ ನನ್ನ ಬಾಯಿಗೆ ಥಟ್ಟನೆ ಬರುವುದು ಸುಳ್ಳು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹಲ್ಲಿನ ಡಾಕ್ಟರು ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೀರಾ ಎಂದರೆ ಹೌದು ಎನ್ನುತ್ತೇನೆ. ಗೆಳತಿ ಹೊಸ ಸೀರೆ ಉಟ್ಟು ಹೇಗಿದೆ ಎಂದರೆ ಚೆಂದ ಇದೆ ಎನ್ನುತ್ತೇನೆ. ಇಂಥ ಸಣ್ಣಪುಟ್ಟ ಸುಳ್ಳುಗಳಿಂದ ಯಾರಿಗೂ ತೊಂದರೆಯಾಗಿಲ್ಲ. ಆದರೆ ಒಂದು ಸುಳ್ಳು ಮಾತ್ರ ನನ್ನನ್ನು ಚೆನ್ನಾಗಿ ಸತಾಯಿಸಿತು. ಅದು ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಲಂಡನ್ನಿನಲ್ಲಿ ಓದಲು ಬಂದ ಮೊದಲ ವರ್ಷ. ಅದನ್ನು ಹೊರಗೆಳೆದವರು ಒಂದು ಏಣಿಯ ಮೇಲೆ ನಿಂತಿದ್ದರು.

ಏಣಿ ಎಂದರೆ ದೊಡ್ಡದಲ್ಲ. ಅಡುಗೆಮನೆಯ ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಲು ಇಟ್ಟುಕೊಳ್ಳುತ್ತೇವಲ್ಲ, ಎರಡೇ ಮೆಟ್ಟಿಲಿನದು, ಅಂಥದ್ದು. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ನಮ್ಮ ಕಾಲೇಜಿನ ಗೇಟಿನ ಪಕ್ಕ ಅದನ್ನು ಬಿಡಿಸಿಟ್ಟು, ಬೂದು ಬಣ್ಣದ ರೇನ್‌ಕೋಟಿನ ಹಿರಿಯ ಕ್ರೈಸ್ತ ಬೋಧಕರೊಬ್ಬರು ಮೇಲೆ ಹತ್ತುತ್ತಿದ್ದರು. ಮೈಕು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. 'ಇವತ್ತೇ ಸತ್ತರೆ ಎಲ್ಲಿಗೆ ಹೋಗುತ್ತೀರಿ?' ಎಂದು ಅವರು ಕೇಳಿದರೆ ರಸ್ತೆಯ ಆಚೆ ಬಸ್ಸಿಗೆ ಕಾಯುತ್ತಿದ್ದವರೂ ಒಂದು ಕ್ಷಣ ಯೋಚಿಸುತ್ತಿದ್ದರು. ಬೀರು ಕುಡಿಯುವ ಹುಡುಗರಿಗೆ, ಗಿಡ್ಡ ಲಂಗದ ಹುಡುಗಿಯರಿಗೆ, ಡಾರ್ವಿನ್ ಓದುವವರಿಗೆ, ಯಾರಿಗೂ ವಿನಾಯಿತಿ ಇರಲಿಲ್ಲ. ಒಬ್ಬೊಬ್ಬರನ್ನೂ ಬೆರಳು ತೋರಿಸಿ ಮಾತನಾಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ವ್ಯತ್ಯಾಸವಿಲ್ಲ ಎನ್ನುತ್ತಾರೆ. ಆ ಬೆರಳು ಕಂಡವರಿಗೆ ಅದು 'ನೀನು' ಎಂಬುದರಲ್ಲಿ ಸಂಶಯವಿರುತ್ತಿರಲಿಲ್ಲ.

ಒಂದು ಮಂಗಳವಾರ ಬೆರಳು ನನ್ನ ಕಡೆ ತಿರುಗಿತು. 'ಕಂದು ಕೋಟಿನ ಸಹೋದರಿ! ನಿನ್ನ ಕಲ್ಲಿನ ದೇವರಿಗೆ ನಿನ್ನ ಮಾತು ಕೇಳಿಸುತ್ತದೆಯೆ? ಅದನ್ನು ನೀನು ನಂಬುತ್ತೀಯೋ ಇಲ್ಲವೋ? ಒಂದೇ ಮಾತಿನಲ್ಲಿ ಹೇಳು!'

ಕ್ಲಾಸಿಗೆ ತಡವಾಯಿತು ಎಂದು ಗೊಣಗಿ ಹೊರಟೆ. ಅದೂ ಸುಳ್ಳೇ, ಕ್ಲಾಸು ಆಗಷ್ಟೇ ಮುಗಿದಿತ್ತು. ಅವರು ಕಲ್ಲಿಗೆ ಬೈದರೆಂದು ನನಗೆ ಸಿಟ್ಟು ಬರಲಿಲ್ಲ. ಆ ಕಲ್ಲು ನನ್ನ ಕೋಣೆಯ ಡ್ರಾಯರಿನಲ್ಲಿ, ಉಣ್ಣೆಯ ಕಾಲುಚೀಲಗಳ ಅಡಿಯಲ್ಲಿ ಇದೆಯೆಂಬುದು ನೆನಪಾಗಿ ಕಿವಿ ಬಿಸಿಯಾಯಿತು.

ನಾನು ಧಾರವಾಡದ ಲಿಂಗಾಯತರ ಮನೆಯವಳು. ನಮ್ಮಲ್ಲಿ ದೇವರನ್ನು ಹುಡುಕಿಕೊಂಡು ಗುಡಿಗೆ ಹೋಗಬೇಕಾಗಿಲ್ಲ, ಪುಟ್ಟ ಬೆಳ್ಳಿಯ ಕರಡಿಗೆಯಲ್ಲಿ ಇಟ್ಟು ಕೊರಳಿಗೇ ಕಟ್ಟಿರುತ್ತಾರೆ. ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೆಯೇ ತಿಂಡಿ. ಹೊರಡುವ ದಿನ ಅವ್ವ ಹೊಸ ಶಿವದಾರ ಹಾಕಿ ಕಟ್ಟಿ, 'ಇದನ್ನ ಬಿಡಬ್ಯಾಡ' ಎಂದಿದ್ದಳು. ಬಿಡುವುದಿಲ್ಲ ಎಂದಿದ್ದೆ. ಆದರೆ ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ನಾನಿದ್ದ ಬಾಡಿಗೆ ಮನೆಯಲ್ಲಿ ನಾವು ಐದು ಜನ, ಬಾತ್‌ರೂಮು ಒಂದು. ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ನನಗೆ ಹನ್ನೆರಡು ನಿಮಿಷ. ಮೊದಲು ಪೂಜೆ ಚಿಕ್ಕದಾಯಿತು. ಆಮೇಲೆ ಭಾನುವಾರಕ್ಕೆ ಸರಿಯಿತು. ಚಳಿಗಾಲದಲ್ಲಿ ಮೂರು ಸ್ವೆಟರುಗಳ ಒಳಗೆ ಕರಡಿಗೆ ಒತ್ತುತ್ತದೆ ಎಂದು ಒಂದು ದಿನ ತೆಗೆದಿಟ್ಟೆ. ಸುಮ್ಮನೆ ಒಂದು ದಿನ ಎಂದುಕೊಂಡೆ. ಡ್ರಾಯರು ಮುಚ್ಚಿದ ಮೇಲೆ ಆರು ತಿಂಗಳು ತೆರೆಯಲಿಲ್ಲ ಎನ್ನುವಂತಿಲ್ಲ, ದಿನಾ ಕಾಲುಚೀಲಕ್ಕಾಗಿ ತೆರೆಯುತ್ತಿದ್ದೆ. ಅದೇ ಕಷ್ಟ.

ಪ್ರತಿ ಭಾನುವಾರ ಮನೆಗೆ ಫೋನು. ಅವ್ವನ ಮೊದಲ ಮಾತು, 'ಪೂಜಾ ಆತೇನವಾ?' ನನ್ನ ಉತ್ತರ, 'ಆತವ್ವಾ.' ಇಷ್ಟು ಹೇಳಿದ ಮೇಲೆ ಉಳಿದ ಮಾತೆಲ್ಲ ಸಪ್ಪೆ ಎನಿಸುತ್ತಿತ್ತು.

ಏಣಿಯವರ ಕಥೆಯನ್ನು ಮನೆಯಲ್ಲಿ ಹೇಳಿದಾಗ ನನಗಿಂತ ಹೆಚ್ಚು ನಾಚಿಕೊಂಡವಳು ಲೀನಾ. ಪಕ್ಕದ ಕೋಣೆಯವಳು, ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್, ನರ್ಸು. 'ನಮ್ಮ ಪಾದ್ರಿಗಳು ಹೀಗೆಲ್ಲ ಬೊಬ್ಬೆ ಹೊಡೆಯುದಿಲ್ಲ ಮಾರಾಯ್ತಿ. ನಾನೇ ಬಂದು ಹೇಳ್ತೇನೆ' ಎಂದು ಗುರುವಾರ ನನ್ನ ಜೊತೆ ಬಂದಳು. ಅವರು ಅವಳ ಕೊರಳಿನ ಶಿಲುಬೆ ನೋಡಿ, ಯಾವ ಚರ್ಚು ಎಂದು ವಿಚಾರಿಸಿ, ಕ್ಯಾಥೊಲಿಕ್ ಎಂದು ತಿಳಿದದ್ದೇ ಅವಳೂ ನರಕಕ್ಕೇ ಹೋಗುವವಳೆಂದು ಎಲ್ಲರೆದುರು ಸಾರಿದರು. ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಮನೆ ತಲುಪುವವರೆಗೂ ಅವಳು ಶಿಲುಬೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಕೊನೆಗೆ, 'ಹೋಗಲಿ, ಅಲ್ಲಿಯೂ ನಾವು ಒಂದೇ ಮನೆ ಮಾಡುವ' ಎಂದಳು.

ಬೈಯುವ ಉಪದೇಶ ನನಗೇನೂ ಹೊಸದಲ್ಲ. ಶ್ರಾವಣದಲ್ಲಿ ನಮ್ಮ ಓಣಿಯ ಮಠದಲ್ಲಿ ತಿಂಗಳಿಡೀ ಪುರಾಣ. ಹೇಳಲು ಬರುತ್ತಿದ್ದ ಶಾಸ್ತ್ರಿಗಳು ಕಥೆ ನಿಲ್ಲಿಸಿ, ತೂಕಡಿಸುವವರನ್ನು, ಚಾಡಿ ಹೇಳುವವರನ್ನು, ಸೊಸೆಯನ್ನು ಕಾಡುವವರನ್ನು ಹೆಸರು ಹೇಳದೆ ಝಾಡಿಸುತ್ತಿದ್ದರು. ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಆದರೆ ಮಂಗಳಾರತಿಯಾದ ಮೇಲೆ ಬೈದವರು, ಬೈಸಿಕೊಂಡವರು ಒಂದೇ ಸಾಲಿನಲ್ಲಿ ಕುಳಿತು ಗೋಧಿ ಹುಗ್ಗಿ ಉಣ್ಣುತ್ತಿದ್ದೆವು. ದೇವರ ಮಾತು ಹೇಳಿದವರು ಹಸಿದು ಹೋಗಬಾರದು. ಇದನ್ನು ಯಾರೂ ನನಗೆ ಪಾಠದಂತೆ ಕಲಿಸಲಿಲ್ಲ, ಕೈಗೆ ರೂಢಿಯಾಗಿತ್ತು. ಆ ರೂಢಿಯೇ ನನ್ನ ಮಾನ ಕಳೆಯಿತು.

ಮುಂದಿನ ವಾರ ಜಿಟಿಜಿಟಿ ಮಳೆ. ಗೇಟಿನ ಬಳಿ ನಿಂತು ಕೇಳುವವರು ಇರಲಿಲ್ಲ. ಏಣಿಯವರು ಗಂಟಲು ಕಟ್ಟಿ, ಕೆಮ್ಮುತ್ತ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ನಾನು ದೂರದಿಂದ ದಾಟಿಹೋಗಬೇಕೆಂದೇ ಇದ್ದೆ. ಹೋದವಳು ತಿರುಗಿ ಬಂದು, 'ಊಟ ಆಯಿತಾ?' ಎಂದು ಕೇಳಿಬಿಟ್ಟೆ. ಅವರು ಇಲ್ಲ ಎಂದರು. ನನ್ನ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಅವ್ವ ಕಳಿಸಿದ ಶೇಂಗಾ ಚಟ್ನಿ ಇತ್ತು. ಎರಡೂ ಕೈಯಿಂದ ಮುಂದೆ ಹಿಡಿದೆ.

ಅವರೂ ಎರಡೂ ಕೈಯಿಂದಲೇ ತೆಗೆದುಕೊಂಡರು. ಒಂದು ಗಳಿಗೆ ರೊಟ್ಟಿಯನ್ನೂ ನನ್ನನ್ನೂ ನೋಡಿದರು. ಆಮೇಲೆ, ದೇವರೇ, ರೊಟ್ಟಿಯ ಸಮೇತ ಏಣಿ ಹತ್ತಿದರು! 'ನೋಡಿ! ಅಂದು ಮುಖ ತಿರುಗಿಸಿ ಹೋದ ಸಹೋದರಿ ಇಂದು ರೊಟ್ಟಿ ಹಿಡಿದು ಪ್ರಭುವಿನ ಬಳಿಗೆ ಬಂದಿದ್ದಾಳೆ!' ಕಟ್ಟಿದ ಗಂಟಲು ಎಲ್ಲಿಂದಲೋ ತೆರೆದುಕೊಂಡಿತು. ಕರಪತ್ರ ಹಂಚುತ್ತಿದ್ದ ಅವರ ಕಡೆಯ ಹೆಂಗಸೊಬ್ಬಳು ನನ್ನನ್ನು ತಬ್ಬಿಕೊಂಡಳು. ಜನ ಸೇರಿದರು, ನನ್ನ ಕ್ಲಾಸಿನ ಹುಡುಗರು ಚಪ್ಪಾಳೆ ತಟ್ಟಿದರು. ಹನ್ನೆರಡು ನಿಮಿಷ ಹೊಂದಿಸಲಾಗದೆ ಒಂದು ಧರ್ಮವನ್ನು ಡ್ರಾಯರಿನಲ್ಲಿಟ್ಟವಳು, ಅರ್ಧ ನಿಮಿಷದಲ್ಲಿ ಇನ್ನೊಂದಕ್ಕೆ ಸೇರಿಬಿಟ್ಟಿದ್ದೆ.

ಅವರು ರೊಟ್ಟಿ ಮುರಿದು, ಚಟ್ನಿಯನ್ನು ಧಾರಾಳವಾಗಿ ಹಚ್ಚಿ ಬಾಯಿಗಿಟ್ಟರು. ಬ್ಯಾಡಗಿ ಮೆಣಸಿನಕಾಯಿಗೆ ಗುಂಟೂರಿನದನ್ನು ಬೆರೆಸಿ ಕುಟ್ಟುವುದು ಅವ್ವನ ಪದ್ಧತಿ. ಮಾತು ನಿಂತಿತು. ಮುಖ ಕೆಂಪೇರಿತು, ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯಿತು. ಜನ ಅದನ್ನು ಭಕ್ತಿಯೆಂದೇ ತಿಳಿದರು. ನನ್ನ ನೀರಿನ ಬಾಟಲಿ ಕೊಟ್ಟು ಕೈಹಿಡಿದು ಕೆಳಗಿಳಿಸಿದೆ.

ಪೂರ್ತಿ ಬಾಟಲಿ ಮುಗಿಸಿ, ಉಸಿರು ಸುಧಾರಿಸಿಕೊಂಡು, ನನ್ನ ಮುಖದ ಮುಜುಗರ ನೋಡಿ ಮೆಲ್ಲಗೆ ಕೇಳಿದರು: 'ಹಾಗಾದರೆ ನೀವು ನಂಬಿ ಬರಲಿಲ್ಲವೆ?' ಬೆರಳು ತೋರಿಸಲಿಲ್ಲ. ಕೇಳಿದ್ದು ಇಂಗ್ಲಿಷಿನಲ್ಲೇ, ಆದರೂ ಈ ಸಲ ಅದು ನನಗೆ 'ನೀವು' ಎಂದೇ ಕೇಳಿಸಿತು.

'ಇಲ್ಲ. ಹಸಿದಿದ್ದೀರಿ ಅಂತ ಕೊಟ್ಟೆ' ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. 'ನನ್ನ ದೇವರನ್ನು ನಂಬುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ದಿನಾ ಪೂಜೆ ಮಾಡುತ್ತೇನೆ ಅಂತ ತಾಯಿಗೆ ಹೇಳುತ್ತೇನೆ. ಮಾಡುವುದಿಲ್ಲ.'

ಬೈಬಲ್ಲಿನ ಯಾವುದಾದರೂ ವಾಕ್ಯ ಹೇಳಿ ಕೆಡವುತ್ತಾರೆ ಎಂದು ಕಾದೆ. ಅವರು ಚಟ್ನಿ ತೋರಿಸಿ, 'ಇದು ನಿಮ್ಮ ತಾಯಿ ಮಾಡಿದ್ದೆ?' ಎಂದರು. ಹೌದೆಂದೆ. 'ಅವರಿಗೆ ಈ ವಿಷಯ ಗೊತ್ತೆ?'

ಭಾನುವಾರ ಅವ್ವ ಎಂದಿನಂತೆ ಕೇಳಿದಳು. ನಾನು ಎಲ್ಲ ಹೇಳಿದೆ: ಡ್ರಾಯರು, ಕಾಲುಚೀಲ, ಆರು ತಿಂಗಳು, ಏಣಿ, ರೊಟ್ಟಿ. ಅವ್ವ 'ಇಡ್ತೀನಿ' ಎಂದು ಫೋನಿಟ್ಟಳು. ಮುಂದಿನ ಭಾನುವಾರ ಎತ್ತಿದವರು ಅಪ್ಪ. 'ಅವ್ವ ಬಾಜೂ ಮನೀಗೆ ಹೋಗ್ಯಾಳ' ಎಂದರು. ನನ್ನ ಫೋನು ಬರುವ ಹೊತ್ತಿಗೆ ಅವ್ವ ಎಂದೂ ಬಾಜೂ ಮನೆಗೆ ಹೋದವಳಲ್ಲ. ಆ ವಾರ ನನಗೆ ಊಟ ಸೇರಲಿಲ್ಲ. ಸುಳ್ಳು ಹೇಳಿಕೊಂಡಿದ್ದಾಗ ಅವ್ವನಾದರೂ ಇದ್ದಳಲ್ಲ ಎಂದು ಅಳು ಬಂತು.

ಮೂರನೆಯ ಭಾನುವಾರ ಅವ್ವನೇ ಎತ್ತಿದಳು. ನಾನು ಹಳೆಯ ಪ್ರಶ್ನೆಗೆ ಕಾಯುತ್ತಿದ್ದೆ.

'ಆ ಏಣಿ ಮ್ಯಾಲಿನ ಮನಷ್ಯಾ ಮತ್ತ ಬಂದಿದ್ನೇನ?'

'ಬಂದಿದ್ದಾ.'

'ತಿನ್ನಾಕ ಕೊಟ್ಟೇನ?'

'ಕೊಟ್ಟೀನಿ. ಈ ಸಲ ಮೊಸರು ಒಯ್ದಿದ್ದೆ.'

'ಹೂಂ' ಎಂದಳು. ಆಮೇಲೆ, 'ಪೂಜಾ ಮಾಡಿದ್ರ ಮಾಡೀನಿ ಅನ್ನು, ಇಲ್ಲಂದ್ರ ಇಲ್ಲನ್ನು. ಕೇಳಿ ನಾ ಏನು ಸಾಯೂದಿಲ್ಲ' ಎಂದಳು.

ಏಣಿಯವರು ಆ ಬೇಸಿಗೆಯ ನಂತರ ಬರಲಿಲ್ಲ. ಅವರಿಗೆ ನಾನಾಗಲಿ ನನಗೆ ಅವರಾಗಲಿ ಒಲಿಯಲಿಲ್ಲ. ಗೇಟಿನ ಬಳಿ ಅಷ್ಟು ಜನರ ಆತ್ಮಕ್ಕಾಗಿ ಗಂಟಲು ಹರಿದುಕೊಂಡ ಆ ಮನುಷ್ಯನನ್ನು ಊಟ ಆಯಿತಾ ಎಂದು ಬೇರೆ ಯಾರಾದರೂ ಕೇಳಿದ್ದರೋ ಇಲ್ಲವೋ.

ಈಗ ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ನಮ್ಮ ಸಂಸಾರ. ಕರಡಿಗೆ ಡ್ರಾಯರಿನಲ್ಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ, ಚಟ್ನಿ ಡಬ್ಬಿಯ ಮೇಲಿನ ಅರೆಯಲ್ಲಿದೆ. ಕೆಲವು ದಿನ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುತ್ತೇನೆ, ಕೆಲವು ದಿನ ಇಲ್ಲ. ಮೊನ್ನೆ ಹಾಗೆ ನಿಂತಿದ್ದಾಗ ಏಳು ವರ್ಷದ ಮಗಳು ಕಾರ್ನ್‌ಫ್ಲೇಕ್ಸ್ ತಿನ್ನುತ್ತ ತನ್ನ ಇಂಗ್ಲಿಷಿನಲ್ಲಿ, 'ಅಮ್ಮಾ, ಇದನ್ನೆಲ್ಲ ನೀನು ನಿಜವಾಗಲೂ ನಂಬುತ್ತೀಯಾ?' ಎಂದಳು. ಥಟ್ಟನೆ ಹೌದು ಎನ್ನಲು ಬಾಯಿ ತೆರೆದೆ.

'ಗೊತ್ತಿಲ್ಲ ಪುಟ್ಟಿ' ಎಂದೆ.

ಅವಳು ಚಮಚ ಎತ್ತಿ ನನ್ನ ಕಡೆ ತೋರಿಸುತ್ತ ಕೇಳಿದಳು, 'ಅಜ್ಜಿಗೆ ಗೊತ್ತಾ?'

'ಅಜ್ಜಿಗೆ ಗೊತ್ತು' ಎಂದೆ. ಅವಳು ತಲೆಯಾಡಿಸಿ ಇನ್ನಷ್ಟು ಹಾಲು ಸುರಿದುಕೊಂಡಳು.