ಶೆಡ್ಡಿನ ಹಿಂದಿನ ಸಸಿಗಳು

ಕೂನೂರಿನ ಬಳಿ ಒಂದು ಟೀ ನರ್ಸರಿಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಬಡಕಲು ಸಸಿಗಳನ್ನು ಆರಿಸಿ ಗೊಬ್ಬರದ ಗುಂಡಿಗೆ ಎಸೆಯುವ ಕೆಲಸ ಒಬ್ಬ ಅಕ್ಕನದು. ಆಕೆ ಎಸೆಯುತ್ತಿರಲಿಲ್ಲ. ಬುಡಕ್ಕೆ ಮಣ್ಣು ಒತ್ತಿ, ಶೆಡ್ಡಿನ ಹಿಂದೆ ಸಾಲಾಗಿ ಇಡುತ್ತಿದ್ದಳು.

"ಅಕ್ಕಾ, ಕಾಡಲ್ಲಿ ಬಲ ಇಲ್ಲದ್ದು ಉಳಿಯುತ್ತಾ?" ಎಂದು ನಾನು ರೇಗಿದಾಗಲೆಲ್ಲ ಒಂದೇ ಉತ್ತರ: "ಕಾಡಿಗೆ ಕೈ ಇಲ್ಲೆ ಸಾರ್. ನಮಗೆ ಇದ್ದಲ್ಲ."

ಹೋದ ಚಳಿಗಾಲ ಲಕ್ವ ಹೊಡೆದು ಆಕೆಯ ಬಲಗೈ ಸ್ವಾಧೀನ ತಪ್ಪಿತು. ಇನ್ನು ಕೆಲಸಕ್ಕೆ ಬರುವುದು ಬೇಡವೆಂದು ನಾನೇ ಹೇಳಿದೆ. ಆಕೆ ಶೆಡ್ಡಿನ ಹಿಂದೆ ಹೋದಳು. ತಾನು ಉಳಿಸಿದ್ದ ಸಸಿಗಳನ್ನು ಎಡಗೈಯಲ್ಲಿ ಒಂದೊಂದಾಗಿ ತಂದು ಗುಂಡಿಗೆ ಹಾಕಿದಳು.

"ನೀವು ಹೇಳಿದ್ದೇ ಸರಿ ಸಾರ್" ಎಂದಳು.

ತಡೆಯಬಹುದಿತ್ತು. ನನ್ನ ಎರಡೂ ಕೈಗಳು ಸ್ವೆಟರಿನ ಜೇಬಿನಲ್ಲಿ ಬೆಚ್ಚಗಿದ್ದವು.