ಅಪ್ಪನ ಅಂಗಿಯ ಬೋಗಾಣಿ

ಆಗ ನಮ್ಮ ಕಡೆ ಮಹಾನವಮಿ ಹತ್ತಿರ ಬಂತೆಂದರೆ ಮನೆಗಳೆಲ್ಲ ಹೊಟ್ಟೆಯೊಳಗಿದ್ದದ್ದನ್ನು ಅಂಗಳಕ್ಕೆ ಕಕ್ಕಿಬಿಡುತ್ತಿದ್ದವು. ಗೋಡೆಗೆ ಸುಣ್ಣ ಹಚ್ಚಬೇಕು, ನೆಲ ಸಾರಿಸಬೇಕು, ಹಾಸಿಗೆ ಹೊದಿಕೆ ಎಲ್ಲ ಕಾಲುವೆಗೆ ಒಯ್ದು ಒಗೆಯಬೇಕು. ಮೋರಟಗಿಯ ನಮ್ಮ ಓಣಿಯಲ್ಲಿ ನಡೆದಾಡಲು ಜಾಗ ಇರುತ್ತಿರಲಿಲ್ಲ. ಗಾಲಿಯಿಲ್ಲದ ಸೈಕಲ್ಲು, ತುಕ್ಕು ಹಿಡಿದ ಟ್ರಂಕು, ಇಲಿ ಕಡಿದ ಗೊಬ್ಬರದ ಚೀಲ, ಬಾಯಿ ಒಡೆದ ಕೊಡ, ಯಾರದೋ ಮದುವೆಯಲ್ಲಿ ಬಂದ ಗೋಡೆ ಗಡಿಯಾರ, ಹಳೆ ಕುಂಟೆಯ ದಿಂಡು. ಬಿಸಾಡಿರೆಂದರೆ ಯಾರೂ ಬಿಸಾಡುತ್ತಿರಲಿಲ್ಲ. ಬಿಸಿಲಿಗೆ ಹಾಕಿ, ಧೂಳು ಕೊಡವಿ, ಮತ್ತೆ ಅದೇ ಮೂಲೆಗೆ ತುಂಬುತ್ತಿದ್ದರು.

ಹುಡುಗರಾದ ನಮಗೆ ಅದೇ ಹಬ್ಬ. ಖಾಲಿ ಮಾಡಿದ ಜೋಳದ ಗುಮ್ಮಿಯೊಳಗೆ ಇಳಿದು ಕೂತರೆ ಯಾರಿಗೂ ಸಿಗುತ್ತಿರಲಿಲ್ಲ. ಟ್ರಂಕಿನ ಹಿಂದೆ ಹೋದ ವರ್ಷ ಕಳೆದ ಗೋಲಿ ಸಿಗುತ್ತಿತ್ತು, ಬುಗುರಿ ಸಿಗುತ್ತಿತ್ತು. ಹಸಿ ಸುಣ್ಣ, ಸಗಣಿ, ಹಳೆ ಜೋಳದ ಧೂಳು, ಈ ಮೂರೂ ಕೂಡಿದ ವಾಸನೆ ಇವತ್ತು ಎಲ್ಲೇ ಬಂದರೂ ನನಗೆ ಮೊದಲು ನೆನಪಾಗುವುದು ಹಬ್ಬ ಅಲ್ಲ. ನಮ್ಮ ದೊಡ್ಡವ್ವ.

ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ, ಗುರುಬಾಯಿ. ಒಂದೇ ಮನೆ, ಒಂದೇ ಪಡಸಾಲೆ. ಅಡುಗೆಮನೆ, ದೊಡ್ಡ ಕೋಣೆ ಅವರ ಕಡೆ. ದನದ ಕೊಟ್ಟಿಗೆಗೆ ಹತ್ತಿದ ಸಣ್ಣ ಕೋಣೆ ನಮ್ಮದು, ಅಂದರೆ ಅವ್ವನದು ಮತ್ತು ನನ್ನದು. ನಾನು ಎರಡನೇ ಇಯತ್ತೆಯಲ್ಲಿದ್ದಾಗಲೇ ಅಪ್ಪ ಕಾಮಣಿಯಾಗಿ, ಮೈ ಕಣ್ಣು ಹಳದಿಯಾಗಿ ತೀರಿಕೊಂಡಿದ್ದ.

ದೊಡ್ಡವ್ವನಿಗೆ ಪಾತ್ರೆಯ ಹುಚ್ಚು. ಪಡಸಾಲೆಯ ಗೋಡೆಗೆ ಉದ್ದಕ್ಕೂ ಹಲಗೆ ಹೊಡೆಸಿ ಅದರ ಮೇಲೆ ಸ್ಟೀಲಿನ ಡಬ್ಬಿ, ಕೊಡ, ತಾಟು ಸಾಲಾಗಿ ಬೋರಲು ಹಾಕಿದ್ದಳು. ಅದರಲ್ಲಿ ಒಂದನ್ನೂ ಬಳಸುತ್ತಿರಲಿಲ್ಲ. ನೀರು ಕುಡಿಯಲು ಕೈ ಹಾಕಿದರೆ, "ಏ ಸಂಗ್ಯಾ, ಅದು ನೋಡಾಕ ಇಟ್ಟದ್ದು, ಕುಡ್ಯಾಕಲ್ಲ" ಅನ್ನುತ್ತಿದ್ದಳು.

ನಮ್ಮವ್ವನ ಹತ್ತಿರ ಇದ್ದದ್ದು ಒಂದು ಗಂಟು. ಹಳೆ ಸೀರೆಯಲ್ಲಿ ಕಟ್ಟಿ ನಮ್ಮ ಕೋಣೆಯ ಮೂಲೆಗೆ ಇಟ್ಟಿದ್ದಳು. ಅದರಲ್ಲಿ ಅಪ್ಪನ ಎರಡು ಅಂಗಿ, ಒಂದು ಧೋತರ, ತಲೆಗೆ ಸುತ್ತುವ ಒಂದು ಪಟಗಾ. ಜೊತೆಗೆ ಅಜ್ಜಿಯ ಸೀರೆಯ ತುಂಡುಗಳು. ಇವನ್ನೆಲ್ಲ ಕೂಡಿಸಿ ಕೌದಿ ಹೊಲಿಯಬೇಕು ಅಂತ ಅವಳ ಆಸೆ. ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಕೌದಿಯೊಳಗೆ ಹಾಕಿದರೆ ಅವರೇ ಮಕ್ಕಳನ್ನು ಹೊದ್ದಿಸುತ್ತಾರೆ ಅನ್ನುತ್ತಿದ್ದರು. ಅಂಗಿಗಳ ಗುಂಡಿ ಬಿಚ್ಚಿ ಒಂದು ಡಬ್ಬಿಗೆ ಹಾಕಿಟ್ಟಿದ್ದಳು. ಕತ್ತರಿಸುವುದೊಂದೇ ಬಾಕಿ. ಕತ್ತರಿ ಹಿಡಿಯುತ್ತಿದ್ದಳು, ನೀಲಿ ಚೌಕಡಿ ಅಂಗಿಯನ್ನು ಮೂಗಿಗೆ ಹಿಡಿಯುತ್ತಿದ್ದಳು, ಮತ್ತೆ ಮಡಚಿ ಇಡುತ್ತಿದ್ದಳು. ಕಿಸೆಯಲ್ಲಿ ಇನ್ನೂ ತಂಬಾಕಿನ ವಾಸನೆ ಇತ್ತು. ನಾನೂ ಮೂಸಿದ್ದೆ.

"ಈ ಥಂಡ್ಯಾಗ ಹೊಲಿದ ಮುಗಸ್ತೇನಿ ನೋಡಪಾ. ನಿಮ್ಮಪ್ಪನ್ನ ಹೊಚ್ಚಗೊಂಡ ಮಲ್ಕೋ" ಅಂದಿದ್ದಳು.

ಆ ವರ್ಷ ಹಬ್ಬದ ಮುಂದೆ ಅವ್ವ ಇಡೀ ಮನೆಯ ಹೊದಿಕೆಗಳನ್ನು ಹೊತ್ತುಕೊಂಡು ಕಾಲುವೆಗೆ ಹೋದಳು. ದೊಡ್ಡವ್ವನ ಮನೆಯವರ ಕೌದಿಗಳನ್ನೂ ಅವಳೇ ಒಗೆಯಬೇಕು, ಹೇಳದೆ ಕೇಳದೆ ಅದು ಹಾಗೇ ನಡೆದುಬಂದಿತ್ತು. ನಾನು ತುಳಿಯಲು ಜೊತೆಗೆ ಹೋಗಿದ್ದೆ. ನೀರಲ್ಲಿ ನೆನೆದ ಕೌದಿ ಹೆಣದಷ್ಟು ಭಾರ. ಹಿಂಡಿ, ಕಲ್ಲಿನ ಮೇಲೆ ಹಾಸಿ, ಒಣಗಿಸಿ ಹೊತ್ತು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು.

ಅಂಗಳದಲ್ಲಿ ಅದೇ ಸಾಮಾನಿನ ರಾಶಿ. ನಮ್ಮ ಕೋಣೆ ಖಾಲಿ ಮಾಡಿ ಸುಣ್ಣ ಹಚ್ಚಿದ್ದರು. ಅವ್ವ ಮೂಲೆ ನೋಡಿದಳು, ಅಂಗಳದಲ್ಲಿ ಹುಡುಕಿದಳು.

"ಯಕ್ಕಾ, ಇಲ್ಲಿದ್ದ ಗಂಟು ಎಲ್ಲಿ ಇಟ್ಟೀರಿ?"

"ಯಾವ ಗಂಟು? ಆ ಚಿಂದಿದ್ದೇನ?" ದೊಡ್ಡವ್ವ ಒಳಗಿನಿಂದ ಒಂದು ಹೊಸ ಬೋಗಾಣಿ ತಂದು ಎತ್ತಿ ಹಿಡಿದಳು. "ಹಳಿ ಅರಿವಿಗೆ ಪಾತ್ರಿ ಕೊಡಾಕಿ ಬಂದಿದ್ಲು. ನೋಡ, ಹೆಂಗ ಲಕಲಕ ಅಂತೈತಿ. ನಿನ್ನ ಚಿಂದಿಗೂ ಒಂದು ಕಿಮ್ಮತ್ತ ಬಂತು."

"ಅದರಾಗ ಅವ್ರ ಅಂಗಿ ಇದ್ದೂರಿ."

"ಅದಕ್ಕ ಕೊಟ್ಟೀನಿ. ಸತ್ತೋರ ಅಂಗಿ ಮನ್ಯಾಗ ಇಡಬಾರ್ದು. ನಿನಗ ಚಲೋದ ಮಾಡೀನಿ ತಗೋ."

ನಾನು ಓಡಿದೆ. ಚಪ್ಪಲಿ ಇರಲಿಲ್ಲ, ಹಾಗೇ ಬಸ್ ನಿಲ್ಲುವ ಕಡೆ ಓಡಿದೆ. ಪಾನ್ ಅಂಗಡಿಯವನು, "ಬೋಗಾಣಿಯಾಕೇನು? ಆಗಳೇ ಟೆಂಪೋ ಹತ್ತಿದಳಪಾ" ಅಂದ. ಯಾವ ಊರಿಗೆ ಅಂತ ಅವನಿಗೂ ಗೊತ್ತಿರಲಿಲ್ಲ.

ತಿರುಗಿ ಬಂದಾಗ ಅವ್ವ ದೊಡ್ಡವ್ವನ ಕೌದಿಗಳನ್ನು ಮಡಚುತ್ತಿದ್ದಳು. ಅಳುತ್ತಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಚಿ, ಒಂದರ ಮೇಲೊಂದು ಒಟ್ಟಿ, ಒಯ್ದು ಕೊಟ್ಟು ಬಂದಳು. ಆ ಹಬ್ಬಕ್ಕೆ ಹೋಳಿಗೆ ಮಾಡಿದ್ದರು. ನನಗೆ ಬಾಯಲ್ಲಿ ಸುಣ್ಣ ಇಟ್ಟ ಹಾಗಿತ್ತು. ಉಣ್ಣುತ್ತ ಒಂದೇ ಯೋಚನೆ. ಇವಳಿಗೆ ಏನು ಮಾಡಲಿ?

ಒಲೆಗೆ ನೀರು ಸುರಿಯಬೇಕು ಅನ್ನಿಸಿತು. ಹಲಗೆಯ ಮೇಲಿನ ಪಾತ್ರೆಗಳನ್ನೆಲ್ಲ ಬಾವಿಗೆ ಹಾಕಬೇಕು ಅನ್ನಿಸಿತು. ಆದರೆ ಏಟು ಬೀಳುವುದು ಅವ್ವನಿಗೆ. ಸುಮ್ಮನೆ ಕಾದೆ.

ದಾರಿ ದೊಡ್ಡವ್ವನೇ ತೋರಿಸಿದಳು. ಅವಳ ಪಾತ್ರೆಗಳೆಲ್ಲಕ್ಕೂ ಹೆಸರು ಕೊರೆಸಿತ್ತು. ಮದುವೆ ಮುಂಜಿಗೆ ಎರವಲು ಕೊಟ್ಟರೆ ತಪ್ಪದೆ ತಿರುಗಿ ಬರಲಿ ಅಂತ. ದೊಡ್ಡಪ್ಪ ಸಿಂದಗಿಗೆ ಹೊರಟಾಗ ನನ್ನನ್ನೂ ಬೋಗಾಣಿಯ ಜೊತೆ ಕಳಿಸಿದಳು.

"ಏನ್ ಹೆಸರ ಹೇಳ್ತಿ?"

"ಗುರುಬಾಯಿ ಈರಣ್ಣ."

"ಇನ್ನೊಮ್ಮೆ ಹೇಳ."

"ಗುರುಬಾಯಿ ಈರಣ್ಣ."

ದೊಡ್ಡಪ್ಪ ನನ್ನನ್ನು ಪಾತ್ರೆ ಅಂಗಡಿಯಲ್ಲಿ ಕೂಡಿಸಿ ಎತ್ತಿನ ಹಗ್ಗ ತರಲು ಹೋದ. ಕೊರೆಯುವ ಮುದುಕ ಮಶೀನಿನ ಗುಂಡಿ ಒತ್ತಿದ. ಅದು ದುಂಬಿಯ ಹಾಗೆ ಗುಂಯ್ಯೆಂದಿತು.

"ಹೆಸರ ಹೇಳೋ ತಮ್ಮಾ."

"ಭೀಮಣ್ಣ ಸಂಗಪ್ಪ."

"ಪಾತ್ರಿಗೆ ಗಂಡಸರ ಹೆಸರೇನು? ಯಾರಂವ?"

"ನಮ್ಮಪ್ಪ. ಸತ್ತಾನ."

ಮಶೀನು ನಿಂತಿತು. ಮುದುಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. "ಮೊದಲ ಹೇಳಬೇಕಿಲ್ಲೋ" ಅಂದು ಪಂಚೆಯ ಚುಂಗಿನಿಂದ ಬೋಗಾಣಿ ಒರೆಸಿ ದೊಡ್ಡ ಅಕ್ಷರದಲ್ಲಿ ಕೊರೆಯತೊಡಗಿದ. ನಾನು ಕೇಳಿದ್ದು ಅಪ್ಪನ ಹೆಸರು, ಅದರ ಮುಂದೆ ನನಗೂ ಇಟ್ಟ ಅಜ್ಜನ ಹೆಸರು, ಅಷ್ಟೇ. ಅಪ್ಪನ ಅಂಗಿ ಕೊಟ್ಟು ತಂದ ಬೋಗಾಣಿ, ಅಪ್ಪನ ಹೆಸರಿರಲಿ ಅಂತ. ಉಳಿದದ್ದು ಅವನೇ ಸೇರಿಸಿದ. ನಮ್ಮಲ್ಲಿ ಸತ್ತವರ ಹೆಸರಲ್ಲಿ ಮಠಕ್ಕೆ, ಗುಡಿಗೆ ಪಾತ್ರೆ ಕೊಡುವ ರೂಢಿ. ಇದೂ ಅಂಥದ್ದೇ ಎಂದುಕೊಂಡ. 'ದಿ. ಭೀಮಣ್ಣ ಸಂಗಪ್ಪ ಇವರ ಸ್ಮರಣಾರ್ಥ' ಅಂತ ಕೊರೆದು ನನ್ನ ಕೈಗಿಟ್ಟ. ರೊಕ್ಕ ಚಾಚಿದರೆ, "ಮಠದ ಕೆಲಸಕ್ಕ ರೊಕ್ಕ ತಗೊಳ್ಳಾಂಗಿಲ್ಲ" ಅಂದ. ದೊಡ್ಡವ್ವನ ರೊಕ್ಕದಲ್ಲಿ ನಾನು ಮಿರ್ಚಿ ಭಜಿ ತಿಂದೆ. ಅಷ್ಟು ರುಚಿಯ ಭಜಿ ಮತ್ತೆ ಎಲ್ಲೂ ತಿಂದಿಲ್ಲ.

ದೊಡ್ಡಪ್ಪ ಬೋಗಾಣಿಯನ್ನು ನೋಡಲೇ ಇಲ್ಲ, ಹಗ್ಗದ ಜೊತೆ ಚೀಲಕ್ಕೆ ತುರುಕಿದ. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಅಕ್ಷರದ ಮೇಲೆ ಬೆರಳಾಡಿಸಿ, "ಈ ಸಲ ಭಾಳ ಉದ್ದ ಬರದಾನಲ್ಲೋ! ಚಂದ ಆಗೇತಿ" ಅಂದು ಹಲಗೆಯ ನಟ್ಟನಡುವೆ ಇಟ್ಟಳು. ಅವಳ ಮಗಳು ಸುಜಾತಕ್ಕ ಎಂಟನೆಯವರೆಗೆ ಕಲಿತವಳು. ಸಂಜೆ ಕಸ ಹೊಡೆಯುತ್ತ ತಲೆಯೆತ್ತಿ ಓದಿದಳು. ಸೆರಗು ಬಾಯಿಗೆ ತುರುಕಿಕೊಂಡು ನನ್ನ ಹತ್ತಿರ ಬಂದಳು.

"ನಮ್ಮವ್ವ ನಿನ್ನ ಹುಗಿತಾಳೋ ಸಂಗ್ಯಾ."

"ಹೇಳ್ತಿಯೇನು?"

"ನನಗೆಲ್ಲಿ ಓದಾಕ ಬರ್ತೈತಿ?" ಅಂದು ಕಸಬರಿಗೆ ಹಿಡಿದು ಹೊರಟುಹೋದಳು.

ಆ ಥಂಡಿಯಲ್ಲಿ ನಾನೂ ಅವ್ವನೂ ಒಂದೇ ಸವೆದ ಕೌದಿಯಲ್ಲಿ ಮಲಗಿದೆವು. ಬೆಳಗಾದರೆ ಹಲಗೆಯ ಮೇಲೆ ಅಪ್ಪನ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು. ದಿನಾ ಓದಿ ಶಾಲೆಗೆ ಹೋಗುತ್ತಿದ್ದೆ. ಅವ್ವನಿಗೂ ಓದು ಬರುತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ದೀವಳಿಗೆ ಮುಗಿದ ಮೇಲೆ ಸುಜಾತಕ್ಕನನ್ನು ನೋಡಲು ತಾಂಬಾದಿಂದ ಬೀಗರಾಗುವವರು ಬಂದರು. ಹುಡುಗ, ಅವನ ತಾಯಿ, ಕನ್ನಡಕ ಹಾಕಿದ ಒಬ್ಬ ಕಾಕಾ. ದೊಡ್ಡವ್ವ ತುಪ್ಪ ಸುರಿದು ಸಿರಾ ಮಾಡಿದಳು. ನೋಡಲಿಕ್ಕೆ ಇಟ್ಟ ಬೋಗಾಣಿ ಅವತ್ತು ಕೆಳಗಿಳಿಯಿತು. ಸುಜಾತಕ್ಕ, "ಬ್ಯಾರೇದ್ರಾಗ ಹಾಕವಾ" ಅಂದಳು. "ಬೀಗರ ಮುಂದ ಹಳೇದ ಇಡ್ಲೇನು?" ಅಂತ ಬೈಸಿಕೊಂಡಳು. ದೊಡ್ಡವ್ವ ತುಂಬಿದ ಬೋಗಾಣಿಯನ್ನು ಒಯ್ದು ಕಾಕಾನ ಮುಂದೆಯೇ ಇಟ್ಟಳು, ಹೆಸರು ಅವನ ಕಡೆಗೇ ಬರುವ ಹಾಗೆ ತಿರುಗಿಸಿ.

ಕಾಕಾ ಓದಿದ. ತಾಟು ಕೆಳಗಿಟ್ಟ.

"ಯಜಮಾನ್ರ, ಇದು ಯಾವ ಮಠದ ಬೋಗಾಣಿರಿ?"

"ಮಠದ್ದ್ಯಾಕ್ರಿ?" ದೊಡ್ಡವ್ವನೇ ನಡುವೆ ಬಾಯಿ ಹಾಕಿದಳು. "ನಮ್ಮದಽ ರಿ. ನನ್ನ ಹೆಸರ ಕೊರಸೀನಿ."

"ಹೌದಾ?" ಕಾಕಾ ಗಟ್ಟಿಯಾಗಿ ಓದಿದ. "ದಿವಂಗತ ಭೀಮಣ್ಣ ಸಂಗಪ್ಪ ಇವರ ಸ್ಮರಣಾರ್ಥ. ದಿವಂಗತ ಭೀಮಣ್ಣ ಅಂದ್ರ ನೀವ ಏನವಾ?"

ಹುಡುಗ ನಕ್ಕುಬಿಟ್ಟ. ಅವನ ತಾಯಿ ನಗಲಿಲ್ಲ. "ಮಠದ್ದ ಮನಿಗಿ ತಂದ ಸಿರಾ ತಿಂತಾರೇನ ಇವ್ರು?" ಅಂದು ತನ್ನ ತಾಟು ದೂರ ಸರಿಸಿದಳು. ದೊಡ್ಡವ್ವನ ಮುಖ ಸುಣ್ಣ ಹಚ್ಚಿದ ಹಾಗಾಯಿತು. ನಾನು ಕಂಬಕ್ಕೆ ಒರಗಿ ನೋಡಿದೆ, ಕಣ್ಣು ತುಂಬ ನೋಡಿದೆ.

ದೊಡ್ಡಪ್ಪ ಮಾತ್ರ ಬೋಗಾಣಿಯನ್ನು ಎಳೆದುಕೊಂಡು ತಾನೇ ಓದಿದ. "ಭೀಮ್ಯಾಂದು..." ಅಂದ. ಆಮೇಲೆ ನನ್ನನ್ನು ಕರೆದ. "ಯಾಕ ಹಿಂಗ ಹಾಕ್ಸಿದಿ?"

"ಅಪ್ಪನ ಅಂಗಿ ಕೊಟ್ಟ ತಗೊಂಡದ್ದದು. ಅದಕ್ಕ ಅಪ್ಪನ ಹೆಸರು."

"ಯಾವ ಅಂಗಿ?"

"ನೀಲಿ ಚೌಕಡಿದು. ಇನ್ನೊಂದು ಬಿಳೇದು. ಧೋತರ, ಪಟಗಾ. ಅವ್ವ ಕೌದಿಗೆ ಇಟ್ಟಿದ್ಲು. ದೊಡ್ಡವ್ವ ಹಾಕಿಬಿಟ್ಲು."

ಬೀಗರ ಮುಂದೆಯೇ ಅಂದೆ. ಬೇಕಂತಲೇ ಅಂದೆ. ದೊಡ್ಡಪ್ಪ ಹೆಂಡತಿಯ ಕಡೆ ತಿರುಗಿದ. "ಆ ನೀಲಿ ಅಂಗಿ ನಾನ ಹೊಲಿಸಿ ಕೊಟ್ಟಿದ್ದೆ ಅವಗ" ಅಂದ. ಅಷ್ಟೇ. ಸಿರಾ ತಣ್ಣಗಾಯಿತು. ಕಾಕಾ ಒಳ್ಳೆಯ ಮನುಷ್ಯ, ಏನೋ ಮಾತು ತೆಗೆದು ಸುಧಾರಿಸಿದ. ಸಂಬಂಧ ಮುರಿಯಲಿಲ್ಲ. ಆದರೆ ತಾಂಬಾದಲ್ಲಿ ಇವತ್ತಿಗೂ ದೊಡ್ಡವ್ವನಿಗೆ ಹೆಸರು 'ಮಠದ ಬೋಗಾಣಿ'.

ಬೀಗರು ಹೋದದ್ದೇ ತಡ, ದೊಡ್ಡವ್ವ ನನ್ನನ್ನು ಕಸಬರಿಗೆಯಿಂದ ಹೊಡೆದಳು. ಬೋಗಾಣಿಯನ್ನು ಅಂಗಳಕ್ಕೆ ಒಗೆದಳು. ಅದು ಠಣಠಣ ಉರುಳಿ ನಮ್ಮ ಕೋಣೆಯ ಬಾಗಿಲಿಗೆ ಬಂದು ಬಿತ್ತು. ಅವ್ವ ಎತ್ತಿಕೊಂಡಳು. ಇಟ್ಟುಕೊಳ್ಳುತ್ತಾಳೆ ಅಂದುಕೊಂಡೆ. ಇಲ್ಲ. ಬೂದಿ ಹಚ್ಚಿ ತಿಕ್ಕಿ ತೊಳೆದಳು, ವಿಭೂತಿ ಹಚ್ಚಿದಳು, ಒಯ್ದು ದೊಡ್ಡವ್ವನ ಹಲಗೆಯ ಮೇಲೆ ಇದ್ದ ಜಾಗದಲ್ಲೇ ಇಟ್ಟಳು. ಹೆಸರು ಎದುರಿಗೆ.

"ಒಯ್ಯಿ ಇದನ್ನ, ನಿನ್ನ ಗಂಡಂದು!" ದೊಡ್ಡವ್ವ ಚೀರಿದಳು.

"ಇರ್ಲಿ ಬಿಡ್ರಿ ಯಕ್ಕಾ. ನಿಮ್ಮ ಮನ್ಯಾಗ ಇರಾಕ ಬಂದಾರ. ಮೈದುನನ್ನ ಹೊರಗ ಹಾಕಬಾರ್ದು."

ದೊಡ್ಡಪ್ಪ ಕೂತಲ್ಲಿಂದಲೇ ಹೇಳಿದ, "ಅದನ್ನ ಅಲ್ಲಿಂದ ಯಾರೂ ತಗೀಬ್ಯಾಡ್ರಿ."

ಅಲ್ಲಿಂದ ಮುಂದೆ ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ಅವ್ವ ಆ ಹಲಗೆಯ ಮುಂದೆ ನಿಲ್ಲುತ್ತಿದ್ದಳು. "ಯಕ್ಕಾ, ಸ್ವಲ್ಪ ಸರೀರಿ. ಇವ್ರಿಗೆ ಕೈ ಮುಗದ ಹೋಗ್ತೇನಿ" ಅನ್ನುತ್ತಿದ್ದಳು. ದೊಡ್ಡವ್ವ ಜೋಳ ಹಸನು ಮಾಡುವುದನ್ನು ಬಿಟ್ಟು ಸರಿಯಬೇಕಾಗುತ್ತಿತ್ತು. ಸೇಡು ಅಂದರೆ ಏನು ಅಂತ ನಾನು ಅವ್ವನಿಂದ ಕಲಿತೆ. ನನ್ನದು ಒಂದು ದಿನದ್ದು, ಅವಳದು ವರ್ಷಕ್ಕೊಮ್ಮೆ ಬರುವಂಥದ್ದು.

ಈಗ ನಮ್ಮದು ಬೇರೆ ಮನೆ. ಸಿಮೆಂಟಿನ ಗೋಡೆ, ಟೈಲ್ಸ್ ಹಾಕಿದ ನೆಲ. ಮಹಾನವಮಿಗೆ ಹೊರಗೆ ತರಲು ಒಳಗೆ ಏನೂ ಇಲ್ಲ. ಒಡೆದದ್ದನ್ನು ಅವತ್ತೇ ಗುಜರಿಗೆ ಹಾಕುತ್ತೇವೆ. ಹೊದೆಯಲು ಸೋಲಾಪುರದ ಚಾದರ ಇವೆ, ಬೆಚ್ಚಗಿವೆ, ಯಾರ ವಾಸನೆಯೂ ಇಲ್ಲ. ಅವ್ವನಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಆ ಕೌದಿ ಆಗಲೇ ಇಲ್ಲ. ಗುಂಡಿಗಳ ಡಬ್ಬಿ ಇದೆ. ಅಲ್ಲಾಡಿಸಿದರೆ ಸದ್ದಾಗುತ್ತದೆ, ಅಪ್ಪನಿಂದ ನನಗೆ ಉಳಿದದ್ದು ಆ ಸದ್ದಷ್ಟೇ.

ದೊಡ್ಡವ್ವನ ಮನೆಗೆ ಹೋಗುತ್ತಿರುತ್ತೇನೆ. ಅವಳು ಬೋಗಾಣಿಯ ಹೆಸರನ್ನು ಗೋಡೆ ಕಡೆ ತಿರುಗಿಸಿ ಇಟ್ಟಿರುತ್ತಾಳೆ. ನಾನು ಚಹಾ ಕುಡಿದು ಏಳುವಾಗ ಎದುರಿಗೆ ತಿರುಗಿಸಿ ಬರುತ್ತೇನೆ. ಹೋದ ಹಬ್ಬದಲ್ಲಿ ಮೊಮ್ಮಕ್ಕಳ ಮುಂದೆ ನನ್ನ ಕೈ ಹಿಡಿದುಕೊಂಡಳು.

"ಇನ್ನ ಸಾಕ ಬಿಡೋ ಸಂಗಪ್ಪಾ. ಎಷ್ಟ ದಿನಾ ಇದು?"

ನಾನು ಕೈ ಬಿಡಿಸಿಕೊಂಡೆ. ಬೋಗಾಣಿ ತಿರುಗಿಸಿದೆ.

"ಆ ಅಂಗಿ ತಂದ ಕೊಡ್ರಿ ದೊಡ್ಡವ್ವ. ಅವತ್ತ ಬಿಡ್ತೇನಿ."