ಪ್ಲಾಜಾ ಗಲ್ಲಿಯ ಜಪಾನಿ ಉಸ್ತಾದ್

ನಮ್ಮ ಗಲ್ಲಿಯಲ್ಲಿ ತಹಸೀನ್ ಎಂದು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ, ಅವನೂ ನೋಡುವುದಿಲ್ಲ. ಜಪಾನಿ ಉಸ್ತಾದ್ ಎನ್ನಬೇಕು. ಕರಾಚಿಗೆ ಹಡಗಿನಲ್ಲಿ ಬಂದಿಳಿಯುವ ಹಳೆಯ ಜಪಾನಿ ಕಾರುಗಳು ತಮ್ಮ ಭಾಷೆಯನ್ನೂ ಜೊತೆಗೇ ತರುತ್ತವೆ. ಕೀಲಿ ತಿರುಗಿಸಿದ ಕೂಡಲೇ ಒಳಗಿನಿಂದ ಒಬ್ಬಳು ವಿನಯವಾಗಿ ಏನೋ ಹೇಳುತ್ತಾಳೆ, ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರ ಮೂಡುತ್ತದೆ, ಕೊಂಡವನು ಬೆವರುತ್ತಾನೆ. ಆಗ ನಮ್ಮ ಗಲ್ಲಿಗೇ ಬರಬೇಕು. ಉಸ್ತಾದ್ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಒಂದೊಂದೇ ಗುಂಡಿ ಒತ್ತುತ್ತ ಹೋಗಿ ಎಲ್ಲೋ ಅಡಗಿದ್ದ ಇಂಗ್ಲಿಷನ್ನು ಎಳೆದು ತರುತ್ತಾನೆ. ಕೆಲವು ಕಾರುಗಳಲ್ಲಿ ಇಂಗ್ಲಿಷ್ ಇರುವುದೇ ಇಲ್ಲ. ಅವಕ್ಕೆ ಮೆಮೊರಿ ಕಾರ್ಡ್ ಹಾಕಿ ಹೊಸದಾಗಿ ತುಂಬಬೇಕು. ಅದು ತುಂಬುವವರೆಗೆ ಅವನು ನನ್ನ ಸೀಟ್ ಕವರ್ ಅಂಗಡಿಯಲ್ಲಿ ಕೂತು ನನ್ನ ಚಹಾ ಕುಡಿಯುತ್ತಾನೆ.

"ಅಷ್ಟು ವರ್ಷ ಜಪಾನಲ್ಲಿದ್ದು ಬಂದೆ, ಒಬ್ಬರಿಗೆ ಚಹಾ ಕೊಡ್ಸೋದು ಕಲೀಲಿಲ್ವಲ್ಲೋ" ಎಂದು ನಾನು ಛೇಡಿಸಿದರೆ, "ಅಲ್ಲಿ ಚಹಾ ಪುಕ್ಕಟೆ ಕೊಡೋರು ವಸೀ ಭಾಯಿ. ಅಭ್ಯಾಸ ಬಿಡ್ತಿಲ್ಲ" ಎನ್ನುತ್ತಾನೆ.

ವೀಸಾ ಕೇಳದ ಕಾಲದಲ್ಲಿ ಹೋಗಿ, ಗಡುವು ಮುಗಿದರೂ ಅಲ್ಲೇ ಉಳಿದುಕೊಂಡವನು ಅವನು. ಪಾತ್ರೆಗಳಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ಕೆಲಸಕ್ಕಿದ್ದ ಸಾಚಿಕೋ ಎಂಬವಳೊಡನೆ ನಿಕಾಹ್ ಆಯಿತು, ಆದರೆ ಅದು ಸರ್ಕಾರದ ದಾಖಲೆಗೆ ಬರಲಿಲ್ಲ. ಚಿಹಾರು ಎಂಬ ಮಗಳು ಹುಟ್ಟಿದಳು. ಅವಳಿಗೆ ನಾಲ್ಕು ವರ್ಷವಿದ್ದಾಗ ಒಂದು ಬೆಳಿಗ್ಗೆ, ಮಲಗಿದ್ದ ಕೂಸಿನ ಹಣೆ ಸವರಿ ಕೆಲಸಕ್ಕೆ ಹೊರಟವನು ದಾರಿಯಲ್ಲಿ ಪೊಲೀಸರ ಕೈಗೆ ಸಿಕ್ಕ. ಕಾಗದ ಪತ್ರ ಇಲ್ಲ ಎಂದು ವಿಮಾನ ಹತ್ತಿಸಿದರು. ಮತ್ತೆ ಒಳಗೆ ಬಿಡಲಿಲ್ಲ. ಸಾಚಿಕೋ ಮನೆ ಬದಲಾಯಿಸಿದಳು, ಬರೆದ ಪತ್ರಗಳು ವಾಪಸು ಬಂದವು. ಇವನು ಇನ್ನೊಂದು ಮದುವೆಯಾಗಲಿಲ್ಲ. ಅಣ್ಣನ ಮನೆಯ ಮಹಡಿಯ ಮೇಲೊಂದು ಕೋಣೆ, ಕೆಳಗಿನಿಂದ ಬರುವ ಊಟ, ಅಷ್ಟೇ ಸಂಸಾರ.

"ಒಂದಿನ ಮಗಳು ಸಿಗ್ತಾಳೆ. ಆವತ್ತು ಮಾತಾಡೋಕೆ ಭಾಷೆ ಬೇಕಲ್ಲ? ಅದಕ್ಕೇ ಈ ಕೆಲಸ ಹಿಡಿದೆ. ದಿನಾ ಕಿವಿಗೆ ಬೀಳ್ತಿರುತ್ತೆ, ಮರೆಯಲ್ಲ" ಎನ್ನುತ್ತಿದ್ದ. ನಾವೂ ನಂಬಿದ್ದೆವು. ಹಾಳೂರಿಗೆ ಉಳಿದವನೇ ಗೌಡ. ಅವನ ಜಪಾನಿಯನ್ನು ಪರೀಕ್ಷಿಸುವವರು ಇಲ್ಲಿ ಯಾರಿದ್ದರು?

ಹೋದ ಚಳಿಗಾಲದಲ್ಲಿ ಚಿಹಾರು ನಿಜಕ್ಕೂ ಸಿಕ್ಕಳು. ನಮ್ಮ ಗಲ್ಲಿಯಲ್ಲೇ ಬೆಳೆದ ಕಾಮಿಲ್ ಈಗ ಜಪಾನಿನಲ್ಲಿದ್ದುಕೊಂಡು ಹರಾಜಿನಲ್ಲಿ ಕಾರು ಹಿಡಿದು ಇಲ್ಲಿಗೆ ಕಳಿಸುತ್ತಾನೆ. ಅವನು ಅಲ್ಲಿ ಇಲ್ಲಿ ವಿಚಾರಿಸಿ ಪತ್ತೆ ಹಚ್ಚಿದ. ಸಾಚಿಕೋ ತೀರಿಕೊಂಡಿದ್ದಳು. ಮಗಳು ಆಸ್ಪತ್ರೆಯಲ್ಲಿ ನರ್ಸ್. ಬಹಳ ಹಿಂಜರಿದು, ಒಂದು ಸಲ ಮಾತಾಡುತ್ತೇನೆ ಎಂದಳಂತೆ. ಉಸ್ತಾದನದು ಗುಂಡಿ ಫೋನು, ಹಾಗಾಗಿ ನನ್ನ ಫೋನಿಗೆ ವಿಡಿಯೋ ಕರೆ ಎಂದಾಯಿತು.

"ನಾನೂ ಲೈನಲ್ಲಿ ಇರ್ತೀನಿ ಉಸ್ತಾದ್. ಎಲ್ಲಾದ್ರೂ ತಡವರಿಸಿದ್ರೆ ಹೇಳಿಕೊಡ್ತೀನಿ" ಎಂದ ಕಾಮಿಲ್.

"ಅಪ್ಪ ಮಗಳ ಮಧ್ಯೆ ದಲ್ಲಾಳಿ ಯಾಕಪ್ಪ? ಕಾರ್ ಮಾರ್ತಿದೀಯಾ? ನೀನು ಚಡ್ಡಿ ಹಾಕೋಕೆ ಮುಂಚೆ ನಾನು ಜಪಾನಿ ಮಾತಾಡ್ತಿದ್ದೆ" ಎಂದ ಉಸ್ತಾದ್. ಇಡೀ ಗಲ್ಲಿ ನಕ್ಕಿತು.

ಶುಕ್ರವಾರ ನಮಾಜು ಮುಗಿಸಿ, ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಸಲ್ವಾರ್ ಕಮೀಜ್ ತೊಟ್ಟು, ಅತ್ತರು ಹಚ್ಚಿಕೊಂಡು ಮದುಮಗನಂತೆ ಬಂದ. ಗಲ್ಲಿಯ ಗದ್ದಲದಲ್ಲಿ ಮಾತು ಕೇಳುವುದಿಲ್ಲವೆಂದು, ಆಗಷ್ಟೇ ಕೆಲಸ ಮುಗಿಸಿದ ಕಾರೊಂದರ ಗಾಜು ಏರಿಸಿ ಇಬ್ಬರೂ ಒಳಗೆ ಕೂತೆವು.

ಅವಳ ಮುಖ ಮೂಡಿತು. ಮೂಗು ಥೇಟ್ ಇವನದೇ. ತಲೆ ಬಾಗಿಸಿ ಏನೋ ಹೇಳಿದಳು. "ಹಾಯ್" ಎಂದ ಇವನು. ಅವರ ಭಾಷೆಯಲ್ಲಿ ಹಾಗೆಂದರೆ ಹೌದು. ಅವಳು ಇನ್ನೂ ಉದ್ದ ಮಾತಾಡಿದಳು. "ಹಾಯ್, ಹಾಯ್." ಇವನ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಆಮೇಲೆ ಅವಳು ಏನೋ ಕೇಳಿ ಕಾದಳು. ಪ್ರಶ್ನೆ ಯಾವ ಭಾಷೆಯದಾದರೂ ಪ್ರಶ್ನೆಯೆಂದು ತಿಳಿಯುತ್ತದೆ. ಉಸ್ತಾದ್ ಬಾಯಿ ತೆರೆದ. ಬಂದ ಮಾತು ನನಗೂ ಗುರುತು ಸಿಕ್ಕಿತು. ಟೋಲ್ ಕಾರ್ಡ್ ಹಾಕಿಲ್ಲ ಎಂದು ನಮ್ಮ ಗಲ್ಲಿಯ ಕಾರುಗಳೆಲ್ಲ ಬೆಳಗಾದರೆ ಹೇಳುವ ಮಾತದು! ಅವನೇ ಬೆಚ್ಚಿಬಿದ್ದ. ಸರಿಪಡಿಸಲು ಹೋಗಿ ಇನ್ನೊಂದು ಹೇಳಿದ. ಅದೂ ಕಾರಿನದೇ, ಹಿಂದಕ್ಕೆ ಬರುವಾಗ ಜೋಕೆ ಎನ್ನುವಂಥದು. ಅವಳ ಹುಬ್ಬು ಗಂಟಾಯಿತು. ಇವನು ಎದೆ ಮುಟ್ಟಿಕೊಂಡು "ಚಿಹಾರು, ಅಬ್ಬಾ, ಅಬ್ಬಾ" ಎಂದು, ಅಪ್ಪ ಎನ್ನುವುದನ್ನು ನಮ್ಮ ಭಾಷೆಯಲ್ಲೇ ಬಡಬಡಿಸಿದ. ಅವಳು ರೋಗಿಗೆ ಕೇಳುವ ಹಾಗೆ ನಿಧಾನವಾಗಿ ಮತ್ತೊಮ್ಮೆ ಕೇಳಿದಳು.

ಉಸ್ತಾದ್ ನನ್ನ ಕಡೆ ತಿರುಗಿದ. "ವಸೀ ಭಾಯಿ, ಏನು ಕೇಳ್ತಿದಾಳೆ?"

ನನ್ನನ್ನು ಕೇಳಿದ. ರೆಕ್ಸಿನ್ ಹೊಲಿಯುವವನನ್ನು. ಅಷ್ಟರಲ್ಲಿ ಅವಳು ತಲೆ ಬಾಗಿಸಿದಳು, ಕರೆ ನಿಂತಿತು.

ಮರುದಿನ ನನ್ನ ಫೋನಿಗೆ ಕಾಮಿಲನ ಧ್ವನಿ ಸಂದೇಶ ಬಂತು. "ಭಾಯಿ, ಚಿಹಾರು ಅವರು ಆ ಮನುಷ್ಯ ನಮ್ಮಪ್ಪ ಅಲ್ಲ ಅಂತಾರೆ. ನಾನು ಮಲಗೋವಾಗ ನಮ್ಮಪ್ಪ ಜಪಾನೀಲಿ ಕತೆ ಹೇಳ್ತಿದ್ರು, ಎಷ್ಟು ಚೆನ್ನಾಗಿ ಹೇಳ್ತಿದ್ರು ಅಂದ್ರೆ ಅಮ್ಮನೂ ಬಂದು ಕೂತು ಕೇಳೋರು, ನಗೋರು ಅಂತಾರೆ. ಯಾರೋ ಮೋಸಗಾರ ಅಂದ್ಕೊಂಡಿದಾರೆ. ಇನ್ನು ಮಾತಾಡಲ್ವಂತೆ." ಇದನ್ನು ಉಸ್ತಾದನಿಗೆ ಕೇಳಿಸದೆ ಇರೋಣವೆಂದುಕೊಂಡೆ. ಆದರೆ ಅವನು ಬೆಳಗಿನಿಂದ ನನ್ನ ಫೋನನ್ನೇ ನೋಡುತ್ತ ಕೂತಿದ್ದ. ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡು ಕೇಳಿದ.

"ನಿನ್ನ ಹಳೇ ಫೋಟೋ ಇದೆಯಲ್ಲ ಉಸ್ತಾದ್, ಕೂಸನ್ನ ಎತ್ಕೊಂಡಿರೋದು. ಕಳಿಸೋಣ. ಕಣ್ಣಾರೆ ನೋಡಿದ್ರೆ ನಂಬ್ತಾಳೆ. ಈ ಸಲ ಕಾಮಿಲ್ ಇರ್ತಾನೆ, ನೀನು ಹೇಳಿದ್ದನ್ನ ಅವನು ಅವಳಿಗೆ ಹೇಳ್ತಾನೆ."

"ನಂಬ್ತಾಳೆ" ಎಂದ ಅವನು. ಚಹಾ ಕಪ್ಪಿನ ಮೇಲೆ ಕೆನೆ ಕಟ್ಟಿತ್ತು, ಮುಟ್ಟಿರಲಿಲ್ಲ. "ಅವಳ ನೆನಪಲ್ಲಿ ಕತೆ ಹೇಳೋ ಅಪ್ಪ ಒಬ್ಬ ಇದಾನೆ, ವಸೀ ಭಾಯಿ. ಈ ಫೋಟೋ ಕಳಿಸಿದ್ರೆ ಅವನು ಸತ್ತುಹೋಗ್ತಾನೆ. ಬೇಡ, ಬಿಡು."